ಯಾಕಮ್ಮನ ಸಿಟ್ಟು

ನಾನು ಅವರನ್ನು ಮೊದಲು ನೋಡಿದ್ದು ಅವರು ಎಲೆಕ್ಟ್ರಿಷಿಯನ್ ಒಬ್ಬನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾಗ. ನಾನು ಓದು ಮುಗಿಸಿ ಹಳ್ಳಿಯಿಂದ ಕೆಲಸಕ್ಕೆಂದು ಈ ಊರಿಗೆ ಬಂದು ಇನ್ನೂ ವಾರ ತುಂಬಿರಲಿಲ್ಲ. ಮಹಡಿಯ ಮೇಲೆ ಬಾಡಿಗೆಗೆ ಕೋಣೆ ಇದೆಯೆಂದು ಕೇಳಿ, ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಸುತ್ತಿದ ಚಾಪೆ ಹಿಡಿದು ಆ ಮನೆಗೆ ಹೋಗಿದ್ದೆ. ಬಾಗಿಲು ತೆರೆದೇ ಇತ್ತು. ಒಳಗೆ ಕಿರಿದಾದ ನಡುಮನೆ, ತಿಳಿಹಸಿರು ಬಣ್ಣದ ಗೋಡೆ, ಕಿಟಕಿಯ ಕೆಳಗೊಂದು ಮೇಜು. ಮೇಜಿನ ಮೇಲೆ ಸುಟ್ಟ ಬಲ್ಬುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಏಣಿಯ ಮೇಲೆ ಎಲೆಕ್ಟ್ರಿಷಿಯನ್ ಕೂತಿದ್ದ. ಕೆಳಗೆ ಗಿಡ್ಡನೆಯ, ತೋಳು ದಪ್ಪಗಿದ್ದ ನಡುವಯಸ್ಸಿನ ಹೆಂಗಸು ಕತ್ತೆತ್ತಿ ನಿಂತಿದ್ದರು.

"ಬಲ್ಬೇ ಸರಿ ಇಲ್ಲಮ್ಮ. ಈಗಿನ ಕಂಪನಿಗಳೆಲ್ಲ ಹಾಗೇ" ಎಂದ ಅವನು.

"ಈ ಬಲ್ಬು ಒಂದು ಕಂಪನಿದು. ಪಕ್ಕದ್ದು ಇನ್ನೊಂದು. ಆ ತುದೀದು ನೀನೇ ತಂದುಕೊಟ್ಟಿದ್ದು. ಎಲ್ಲ ಬೇರೆ ಬೇರೆ. ಬದಲಾಗದೆ ಇರೋದು ಆ ಹೋಲ್ಡರ್ ಒಂದೇ. ಈಗ ಹೇಳು, ಬಲ್ಬನ್ನ ಬೈತಾ ಕೂರೋಣವೋ, ಹೋಲ್ಡರ್ ಬಿಚ್ಚಿ ನೋಡೋಣವೋ?"

"ನೋಡಿ, ನಾನು ಈ ಕೆಲಸಕ್ಕೆ ಬಂದು ಎಷ್ಟು ವರ್ಷ ಆಯ್ತು ಗೊತ್ತಾ?"

"ನಿನ್ನ ವಯಸ್ಸು ಯಾರು ಕೇಳಿದ್ರಪ್ಪ? ಬಿಚ್ಚು ಅಂದೆ."

ಅವನು ಗೊಣಗುತ್ತ ಬಿಚ್ಚಿದ. ಒಳಗೆ ವೈರು ಸಡಿಲವಾಗಿ ಕಪ್ಪಗಾಗಿತ್ತು. ಅವರು ಗೆದ್ದವರಂತೆ ಮುಖ ಮಾಡಲಿಲ್ಲ. "ಹ್ಞೂಂ, ಬಿಗಿ ಮಾಡು" ಎಂದಷ್ಟೇ ಹೇಳಿ ನನ್ನತ್ತ ತಿರುಗಿದರು.

"ಕೋಣೆಗೆ ಬಂದೆಯಾ? ಯಾರು ಹೇಳಿದ್ರು?"

"ಮೂಲೆ ಅಂಗಡಿಯವರು. ಇಲ್ಲಿ ಯಾವಾಗಲೂ ನೀರು ಬರುತ್ತೆ ಅಂದ್ರು."

"ಅವನು ಯಾವತ್ತಾದ್ರೂ ನನ್ನ ಮಹಡಿ ಹತ್ತಿದಾನಾ? ಹೋಗು, ನಲ್ಲಿ ತಿರುಗಿಸಿ ನೋಡು. ಆಮೇಲೆ ಮಾತಾಡೋಣ."

ಹೋಗಿ ತಿರುಗಿಸಿದೆ. ನಲ್ಲಿ ಬುಸ್ಸೆಂದು ಗಾಳಿ ಬಿಟ್ಟಿತು. ಆದರೂ ಆ ಕೋಣೆಯನ್ನೇ ಹಿಡಿದೆ.

ಬೀದಿಯವರು ಅವರನ್ನು ಯಾಕಮ್ಮ ಎಂದು ಕರೆಯುತ್ತಿದ್ದರು. ಮಾತುಮಾತಿಗೆ "ಯಾಕೆ?" ಎನ್ನುವುದಕ್ಕೆ ಬಿದ್ದ ಅಡ್ಡಹೆಸರು ಅದು. ಕರೆದವರು ಗೇಲಿಗೆ ಕರೆದರು, ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಅದಕ್ಕೂ ಮೊದಲು, ಕೆಲಸದ ಜಾಗದಲ್ಲಿ ಅವರ ಹೆಸರು ಪಟಾಕಿ. ಪಟಾಕಿ ಯಾಕಮ್ಮ ಆದದ್ದು ಹೇಗೆ ಎಂಬುದನ್ನು ನಾನು ಅವರ ಬಾಯಿಂದಲೂ ಅವರ ತಂಗಿಯ ಬಾಯಿಂದಲೂ ಚೂರುಚೂರಾಗಿ ಕೇಳಿದ್ದೇನೆ. ತಂಗಿ ಅದೇ ಮನೆಯಲ್ಲಿದ್ದರು. ಅವರ ಎಡಗೈಯಲ್ಲಿ ಹೆಬ್ಬೆರಳು, ತೋರುಬೆರಳು ಮಾತ್ರ ಉಳಿದಿದ್ದವು.

ಅಕ್ಕತಂಗಿ ಇಬ್ಬರೂ ಒಂದು ದೊಡ್ಡ ಲಾಂಡ್ರಿಯಲ್ಲಿ ಕೆಲಸಕ್ಕಿದ್ದರು. ಆಸ್ಪತ್ರೆಗಳ ಹಾಸಿಗೆ ಹೊದಿಕೆ, ದಿಂಬಿನ ಚೀಲ, ವೈದ್ಯರ ನಿಲುವಂಗಿಗಳನ್ನು ಒಗೆದು ಇಸ್ತ್ರಿ ಮಾಡಿ ಕಳಿಸುವ ಜಾಗ. ಒಗೆಯುವುದೂ ಯಂತ್ರ, ಒಣಗಿಸುವುದೂ ಯಂತ್ರ. ಇಸ್ತ್ರಿಯ ಯಂತ್ರಕ್ಕೆ ಪ್ರೆಸ್ ಎನ್ನುತ್ತಾರೆ. ಕೆಳಗೆ ಹಾಸುಮಣೆ, ಮೇಲೆ ಕಾದ ಕಬ್ಬಿಣದ ಮುಚ್ಚಳ. ಮುಂದಿನ ಅಂಚಿನಲ್ಲಿ ಎರಡು ಗುಂಡಿ, ಒಂದು ಎಡತುದಿಗೆ, ಇನ್ನೊಂದು ಬಲತುದಿಗೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮುಚ್ಚಳ ಇಳಿಯುತ್ತದೆ. ಎರಡೂ ಕೈ ಗುಂಡಿಗಳ ಮೇಲಿದ್ದರೆ ಮುಚ್ಚಳದಡಿ ಸಿಗಲು ಕೈಯೇ ಇರುವುದಿಲ್ಲ. ಯಾರೋ ಬುದ್ಧಿವಂತರು ಮಾಡಿದ ಏರ್ಪಾಡು.

ಆ ಏರ್ಪಾಡನ್ನು ಅಲ್ಲಿನ ಪ್ರತಿಯೊಬ್ಬ ಹೆಂಗಸೂ ಕೆಡಿಸಿದ್ದಳು. ಬಟ್ಟೆ ಸಿಕ್ಕಿಸುವ ಮರದ ಕ್ಲಿಪ್ಪೊಂದನ್ನು ಎಡಗುಂಡಿಯ ಸಂದಿಗೆ ತುರುಕಿದರೆ ಅದು ಒತ್ತಿಕೊಂಡೇ ಇರುತ್ತದೆ. ಆಗ ಮುಚ್ಚಳ ಇಳಿಸಲು ಬಲಗೈಯೊಂದೇ ಸಾಕು, ಎಡಗೈ ಮುಂದಿನ ಬಟ್ಟೆಯನ್ನು ಸಜ್ಜು ಮಾಡಬಹುದು. ಹೊಸದಾಗಿ ಬಂದವರಿಗೆ ಮೊದಲ ದಿನ ಕಲಿಸುತ್ತಿದ್ದುದೇ ಇದನ್ನು. "ಇದು ನಿನ್ನ ಮೂರನೇ ಕೈ ಕಣೇ" ಎಂದು ನಗುತ್ತ ಕ್ಲಿಪ್ಪು ಕೊಡುತ್ತಿದ್ದರು.

ಒಂದು ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತು. ಮುಂಚಿನ ಪಾಳಿಯವಳು ಕ್ಲಿಪ್ಪನ್ನು ತೆಗೆಯದೆ ಹೋಗಿದ್ದಳು. ಅವಳು ಸೇರಿ ವರ್ಷವಾಗಿದ್ದರೂ ಎಲ್ಲರ ಬಾಯಲ್ಲಿ ಇನ್ನೂ ಹೊಸಬಳು. ತಂಗಿ ಬಂದು, ಕ್ಲಿಪ್ಪಿರುವುದನ್ನು ಗಮನಿಸದೆ, ಹೊದಿಕೆಯೊಂದನ್ನು ಹಾಸಿದರು. ಆಚೆ ಮೂಲೆಯ ಮಡಿಕೆ ಸರಿಮಾಡಲು ಎಡಗೈ ಚಾಚಿ ಬಾಗಿದಾಗ ಹೊಟ್ಟೆ ಬಲಗುಂಡಿಗೆ ತಾಗಿತು. ಮುಚ್ಚಳ ಇಳಿಯಿತು.

ಆಸ್ಪತ್ರೆಯಿಂದ ಮರಳಿದ ಅಕ್ಕ ನೇರವಾಗಿ ಹೋದದ್ದು ಹೊಸಬಳ ಬಳಿಗೆ. ಊಟದ ಕೋಣೆಯಲ್ಲಿ, ಎಲ್ಲರ ಎದುರಿಗೆ, ಕೆನ್ನೆಗೆ ಬಾರಿಸಿದರು. ಒಬ್ಬರೂ ತಡೆಯಲಿಲ್ಲ. "ಇನ್ನೊಂದು ಕೊಡು" ಎಂದವರೂ ಇದ್ದರು. ಮ್ಯಾನೇಜರಿಗೆ ಇದಕ್ಕಿಂತ ಅನುಕೂಲದ ಸುದ್ದಿ ಬೇಕಿರಲಿಲ್ಲ. ಯಂತ್ರಕ್ಕೆ ಕ್ಲಿಪ್ಪು ಸಿಕ್ಕಿಸುವುದು ತಮಗೆ ಗೊತ್ತೇ ಇರಲಿಲ್ಲ, ಒಬ್ಬಳ ಅಜಾಗರೂಕತೆಯಿಂದ ಇನ್ನೊಬ್ಬಳ ಕೈ ಹೋಯಿತು, ತಪ್ಪಿತಸ್ಥೆಯನ್ನು ವಾರಾಂತ್ಯಕ್ಕೆ ಕೆಲಸದಿಂದ ತೆಗೆಯುತ್ತೇವೆ ಎಂದರು. ಹೆಂಗಸರು ಒಪ್ಪಿ ತಲೆಯಾಡಿಸಿದರು.

ಇದನ್ನು ಬರೆಯುವಾಗ ನನಗೆ ಮೈ ಉರಿಯುತ್ತದೆ. ಅಜಾಗರೂಕತೆ! ಇಡೀ ಕಾರ್ಖಾನೆಯೊಂದು ಕೈ ತೊಳೆದುಕೊಳ್ಳಲು ಒಂದು ಪದ ಸಾಕಾಯಿತು. ಯಾರದು ತಪ್ಪು ಎಂದು ಕೇಳಿದ ಕೂಡಲೇ ಒಂದು ಕುತ್ತಿಗೆ ಸಿಗುತ್ತದೆ, ಅದು ಯಾವಾಗಲೂ ತೀರ ಹತ್ತಿರದ, ತೀರ ತೆಳ್ಳಗಿನ ಕುತ್ತಿಗೆಯೇ ಆಗಿರುತ್ತದೆ. ಸಿಕ್ಕ ಮೇಲೆ ಯಾರೂ ಮುಂದೆ ಯೋಚಿಸುವುದಿಲ್ಲ. ಸಿಟ್ಟು ಇಳಿದದ್ದನ್ನೇ ನ್ಯಾಯ ಸಿಕ್ಕಿತು ಎಂದುಕೊಳ್ಳುತ್ತಾರೆ.

ಅಕ್ಕ ಮತ್ತೆ ಕೆಲಸಕ್ಕೆ ಹೋದ ಬೆಳಿಗ್ಗೆ ತಮ್ಮ ಪ್ರೆಸ್ಸಿನ ಮುಂದೆ ನಿಂತರು. ಬಟ್ಟೆ ಹಾಸಿದರು. ಮುಚ್ಚಳ ಇಳಿಯಿತು. ಆಗ ನೋಡಿಕೊಂಡರು: ಅವರ ಕೈ ತಾನಾಗಿ ಜೇಬಿಗೆ ಹೋಗಿ, ಕ್ಲಿಪ್ಪು ತೆಗೆದು, ಎಡಗುಂಡಿಗೆ ಸಿಕ್ಕಿಸಿ ಆಗಿತ್ತು.

"ತಂಗಿಯ ಬೆರಳು ಹೋದ ಯಂತ್ರ ಪಕ್ಕದಲ್ಲೇ ಇದೆ. ನಾನು ಅದನ್ನೇ ಮಾಡ್ತಿದೀನಿ. ಹಾಗಾದ್ರೆ ನಾನು ಆ ಹೊಸಬಳಿಗೆ ಹೊಡೆದಿದ್ದು ಯಾಕೆ? ಅವಳು ಮಾಡಿದ್ದಕ್ಕಾ, ಇಲ್ಲ ಅವಳ ಸರದೀಲಿ ಆಗಿದ್ದಕ್ಕಾ?" ಎಂದು ಅವರು ಆ ದಿನದ ಯೋಚನೆಯನ್ನು ನನಗೆ ಹೇಳಿದ್ದರು.

ಕ್ಲಿಪ್ಪು ಕಿತ್ತು ಜೇಬಿಗೆ ಹಾಕಿ ಎರಡೂ ಕೈಯಲ್ಲಿ ಗುಂಡಿ ಒತ್ತತೊಡಗಿದರು. ನಾವು ಸೋಮಾರಿತನಕ್ಕೆ ಕ್ಲಿಪ್ಪು ಹಾಕುತ್ತೇವೋ, ಬೇರೆ ಕಾರಣವಿದೆಯೋ, ಮಾಡಿಯೇ ನೋಡೋಣ ಎಂದು. ಊಟದ ಗಂಟೆ ಹೊಡೆಯುವಾಗ ಪಕ್ಕದವರ ಗಾಡಿ ತುಂಬಿತ್ತು, ಅವರದು ಅರ್ಧವೂ ಆಗಿರಲಿಲ್ಲ. ಸೂಪರ್‌ವೈಸರ್ ಓಡಿಬಂದ. ಸದಾ ಕೈಗಡಿಯಾರ ತಟ್ಟುತ್ತಿದ್ದ ಅವನಿಗೆ ಗಡಿಯಾರ ಎಂದೇ ಹೆಸರು.

"ಏನು ಪಟಾಕಿ, ಮದ್ದು ನೆಂದು ಹೋಯ್ತಾ? ಕೈಗೇನಾಗಿದೆ ನಿಂಗೆ?"

"ಏನೂ ಆಗಿಲ್ಲ. ಏನೂ ಆಗಬಾರದು ಅಂತಾನೇ ಎರಡೂ ಗುಂಡಿ ಒತ್ತುತಾ ಇದೀನಿ."

"ಹಾಗೆ ಒತ್ತುತಾ ಕೂತ್ರೆ ಸಂಜೆಗೆ ಗಾಡಿ ತುಂಬುತ್ತಾ? ನಿನ್ನ ಕ್ಲಿಪ್ಪೆಲ್ಲಿ?"

ಅವನಿಗೆ ಗೊತ್ತಿತ್ತು. ತಮಗೆ ಗೊತ್ತೇ ಇಲ್ಲ ಎಂದು ಮ್ಯಾನೇಜರ್ ಹೇಳಿದ್ದನ್ನು ಅವನು ಹೆಸರು ಹಿಡಿದು ಕೇಳಿದ್ದ. ಅವನಿಗೂ ಬಾರಿಸಿಬಿಡೋಣ ಎನ್ನಿಸಿತಂತೆ. ಕೈಯೂ ಎದ್ದಿತ್ತು. ಆದರೆ ಮೊನ್ನೆ ಇಷ್ಟೇ ಖಾತ್ರಿಯಿಂದ ಎತ್ತಿದ ಕೈ ಎಲ್ಲಿ ಬಿದ್ದಿತ್ತು ಎಂಬುದು ನೆನಪಾಗಿ ಇಳಿಸಿದರು. "ಇವನಿಗೆ ಗೊತ್ತು ಅಂದ್ರೆ ಇವನಿಗೆ ಹೇಳಿದ್ದು ಯಾರು?" ಎಂದು ಯೋಚಿಸುತ್ತ, ಹೊಸ ಕೈಗವಸು ಕೇಳಲು ಸ್ಟೋರಿನ ಕಿಟಕಿಗೆ ಹೋದರು.

ಸ್ಟೋರಿನ ತಾತ ಕೈಗವಸಿನ ಜೊತೆ ಒಂದು ಕ್ಲಿಪ್ಪನ್ನೂ ಮುಂದೆ ತಳ್ಳಿದ. ಎಷ್ಟೋ ವರ್ಷದಿಂದ ತಳ್ಳುತ್ತಿದ್ದ, ಇವರೂ ತೆಗೆದುಕೊಳ್ಳುತ್ತಿದ್ದರು. ಅಂದು ತೆಗೆದುಕೊಳ್ಳಲಿಲ್ಲ. ತಾತನ ಬೆನ್ನ ಹಿಂದಿನ ಕಪಾಟನ್ನು ನೋಡಿದರು. ಸೋಪಿನ ಡಬ್ಬಗಳ ಪಕ್ಕ ಕ್ಲಿಪ್ಪಿನ ಪೆಟ್ಟಿಗೆಗಳು, ಸೀಲು ಒಡೆಯದವು, ಮೇಲಿಂದ ಕೆಳಗಿನವರೆಗೆ.

"ತಾತ, ಇವನ್ನ ಯಾರು ತರಿಸ್ತಾರೆ?"

"ಆಫೀಸಿಂದ ಬರುತ್ತೆ, ನಾನು ಹಂಚ್ತೀನಿ. ಯಾಕಮ್ಮ?"

"ನಮ್ಮಲ್ಲಿ ಬಟ್ಟೆ ಒಣಗಿಸೋ ಹಗ್ಗ ಎಲ್ಲಿದೆ ತಾತ?"

ತಾತ ತಾನು ತಳ್ಳಿದ್ದ ಕ್ಲಿಪ್ಪನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ.

ವಿಷಯ ಹೆಂಗಸರಿಗೆ ಹೇಳಿದಾಗ ಒಬ್ಬಳು ಹಾರಿಬಿದ್ದಳು: "ಆ ಮುದುಕನ್ನ ಇವತ್ತೇ ವಿಚಾರಿಸ್ಕೋಬೇಕು!"

"ಸುಮ್ನಿರೇ. ಹೊಸಬಳನ್ನ ಬಿಟ್ಟು ಮುದುಕನ್ನ ಹಿಡಿಯೋದಾ? ನಾನು ಮಾಡಿದ ಕತ್ತೆ ಕೆಲಸ ಮತ್ತೆ ಮಾಡಬೇಕಾ? ಮೊದಲು ಇದನ್ನ ಹೇಳಿ, ಕ್ಲಿಪ್ಪಿಲ್ಲದೆ ನಿಮ್ಮಲ್ಲಿ ಯಾರಾದ್ರೂ ಹೇಳಿದಷ್ಟು ಮುಗಿಸಿದೀರಾ?"

ಯಾರೂ ಮುಗಿಸಿರಲಿಲ್ಲ. ಹಾಗೆ ಪ್ರಯತ್ನಿಸಿ ನೋಡಿದವರೇ ಇರಲಿಲ್ಲ. ತಾವೆಲ್ಲ ಚುರುಕಾಗಿದ್ದೇವೆ ಎಂದೇ ಅಂದುಕೊಂಡಿದ್ದರು.

ವಾರಾಂತ್ಯದಲ್ಲಿ ಮ್ಯಾನೇಜರ್ ಎಲ್ಲರನ್ನೂ ಇಸ್ತ್ರಿ ಕೋಣೆಯಲ್ಲಿ ಸೇರಿಸಿ ಹೊಸಬಳನ್ನು ಮುಂದೆ ನಿಲ್ಲಿಸಿದರು. ಅವಳ ಸಂಪಾದನೆಯಲ್ಲಿ ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು ಉಣ್ಣುತ್ತಿದ್ದರು. ಅವಳು ನೆಲ ನೋಡುತ್ತಿದ್ದಳು.

"ಸರ್, ಒಂದು ಮಾತು" ಎಂದು ಅಕ್ಕ ಮುಂದೆ ಬಂದರು.

"ನಿನ್ನ ಸಂಕಟ ಅರ್ಥ ಆಗುತ್ತಮ್ಮ. ನಿನ್ನ ತಂಗಿಗೆ ನ್ಯಾಯ ಕೊಡಿಸೋಕೇ ಇದೆಲ್ಲ."

"ನನ್ನ ತಂಗಿ ಹೆಸರು ಈಗಲೇ ಬೇಡ. ಕ್ಲಿಪ್ಪು ನಿಮಗೆ ಗೊತ್ತೇ ಇರಲಿಲ್ಲ ಅಂದ್ರಿ. ಸರಿ. ಸ್ಟೋರಿನ ತುಂಬ ಕ್ಲಿಪ್ಪಿದೆ. ನಮ್ಮಲ್ಲಿ ಬಟ್ಟೆ ಒಣಗೋದು ಯಂತ್ರದಲ್ಲಿ. ಕ್ಲಿಪ್ಪು ಹಾಕೋ ಹಗ್ಗ ಎಲ್ಲಿದೆ, ತೋರಿಸಿ. ತೋರಿಸಿದ್ರೆ ಇವಳನ್ನ ನಾನೇ ಗೇಟಿನ ಆಚೆ ಬಿಟ್ಟು ಬರ್ತೀನಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಹಬ್ಬಿತು. ಮ್ಯಾನೇಜರ್ ಗಡಿಯಾರನನ್ನು ನೋಡಿದರು, ಗಡಿಯಾರ ಗಡಿಯಾರವನ್ನು ನೋಡಿಕೊಂಡ.

"ಅದು ಬೇರೆ ವಿಷಯ," ಮ್ಯಾನೇಜರ್ ಸ್ವರ ಏರಿತು, "ಬಿಟ್ಟುಹೋಗಿದ್ದು ಇವಳೇ ತಾನೇ?"

"ಹೌದು, ಇವಳೇ. ನಾಳೆ ನಾನು ಬಿಟ್ಟುಹೋಗ್ತೀನಿ, ನಾಡಿದ್ದು ಇನ್ನೊಬ್ಬಳು. ಒಬ್ಬೊಬ್ಬರನ್ನೇ ತೆಗೀತಾ ಹೋಗ್ತೀರಾ? ಇವಳು ಹೋದ ಮೇಲೆ ಆ ಪ್ರೆಸ್ಸು ಯಾರ ಕೈಯನ್ನೂ ಹಿಡಿಯಲ್ಲ ಅಂತ ಬರೆದುಕೊಡಿ. ನಾನು ಬಾಯಿ ಮುಚ್ತೀನಿ."

ಮ್ಯಾನೇಜರ್ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಅಕ್ಕ ತಮ್ಮ ಕ್ಲಿಪ್ಪನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಹಾಕಿದರು. ಒಬ್ಬೊಬ್ಬರಾಗಿ ಎಲ್ಲರೂ ಬಂದು ಹಾಕಿದರು. ಆ ದಿನದಿಂದ ಎರಡೂ ಕೈಯಲ್ಲಿ ಗುಂಡಿ ಒತ್ತಿದರು. ಯಾರೂ ಕೆಲಸ ನಿಲ್ಲಿಸಲಿಲ್ಲ, ಹೇಳಿದ ನಿಯಮದಂತೆಯೇ ಮಾಡಿದರು. ಆಸ್ಪತ್ರೆಗಳಿಗೆ ಹೊದಿಕೆ ಸಾಲದೆ ಫೋನಿನ ಮೇಲೆ ಫೋನು ಬಂತು. ಗಡಿಯಾರ ಕೂಗಾಡಿದ, ಬೇಡಿಕೊಂಡ, ಕೊನೆಗೆ ಮೂಲೆಯಲ್ಲಿ ಕೂತ. ತಿಂಗಳು ಕಳೆಯುವ ಮೊದಲೇ ಒಬ್ಬೊಬ್ಬರೂ ಮುಗಿಸಬೇಕಾದ ಕೆಲಸದ ಪ್ರಮಾಣ ಇಳಿಯಿತು, ಇನ್ನಷ್ಟು ಪ್ರೆಸ್ಸುಗಳು ಬಂದವು. ಹೊಸಬಳ ಕೆಲಸ ಉಳಿಯಿತು. ತಂಗಿಯ ಕೈ ಹೋದದ್ದಕ್ಕೆ ಯಾರೊಬ್ಬರ ಅಜಾಗರೂಕತೆಯೂ ಕಾರಣವಲ್ಲ ಎಂದು ಒಪ್ಪಿಕೊಂಡು ಕಂಪನಿ ಚಿಕಿತ್ಸೆಯ ಖರ್ಚು ಹೊತ್ತಿತು. ಬೆರಳುಗಳೇನೂ ಬರಲಿಲ್ಲ.

ಅಕ್ಕ ಹೊಸಬಳ ಮನೆಗೆ ಹೋಗಿ ಎಲ್ಲರೆದುರು ಹೊಡೆದದ್ದಕ್ಕೆ ಅವಳ ಅತ್ತೆಯೆದುರು ಕ್ಷಮೆ ಕೇಳಿದರು. ಅವಳು ಅಂದದ್ದು ಇಷ್ಟು: "ಕೆನ್ನೆ ನೋವು ಅವತ್ತೇ ಹೋಯ್ತು ಅಕ್ಕ. ಆದ್ರೆ ನೀವು ಹೊಡೆದಾಗ ಅವಳ ಕೈ ನಾನೇ ತಿಂದೆ ಅಂತ ನಾನೂ ನಂಬಿಬಿಟ್ಟೆ. ಅದು ಇನ್ನೂ ಪೂರ್ತಿ ಹೋಗಿಲ್ಲ."

ಇದನ್ನು ಹೇಳುವಾಗ ಯಾಕಮ್ಮನ ದವಡೆ ಬಿಗಿಯುತ್ತದೆ. ಅವರ ಸಿಟ್ಟು ಕಡಿಮೆಯಾಗಿದೆ ಎಂದು ಬೀದಿಯವರು ಹೇಳುತ್ತಾರೆ. ನನಗೆ ಹಾಗೆ ಕಂಡಿಲ್ಲ. ಅದು ಈಗ ಹತ್ತಿರ ಸಿಕ್ಕವರ ಮೇಲೆ ಬೀಳದೆ, ಎಲ್ಲಿ ಬೀಳಬೇಕೋ ಅಲ್ಲಿಯವರೆಗೆ ನಡೆದು ಹೋಗುತ್ತದೆ. ದಾರಿ ದೂರವಾದಷ್ಟೂ ಕಾವು ಏರುತ್ತದೆ.

ಕಂಪನಿ ಸುಮ್ಮನೆ ಬಿಡಲಿಲ್ಲ. "ಕೆಲಸದ ಅನುಕೂಲಕ್ಕಾಗಿ" ಎಂದು ಹೇಳಿ ಅವರನ್ನು ಇಸ್ತ್ರಿ ಕೋಣೆಯಿಂದ ತೆಗೆದು, ರಕ್ತ, ಕೀವು ಮೆತ್ತಿದ ಬಟ್ಟೆಗಳು ಬಂದು ಬೀಳುವ ಹಿಂದಿನ ಕೋಣೆಗೆ ಹಾಕಿತು.

ಅವರು ಈಗಲೂ ಅಲ್ಲೇ ಇದ್ದಾರೆ. ಬೆಳಗಿನ ಪಾಳಿಯಲ್ಲಿ ಕೊಳೆಬಟ್ಟೆ ವಿಂಗಡಿಸುತ್ತಾರೆ. ಪಾಳಿ ಮುಗಿದ ಮೇಲೆ, ಹೊಸದಾಗಿ ಸೇರುವ ಹೆಂಗಸರಿಗೆ ಮೊದಲ ವಾರ ಎರಡೂ ಕೈಯಲ್ಲಿ ಪ್ರೆಸ್ ಒತ್ತುವುದನ್ನು ಕಲಿಸುವುದೂ ಅವರೇ. ಅದಕ್ಕೆ ಅವರಿಗೆ ಬೇರೆ ಸಂಬಳವಿಲ್ಲ.