ಬೇಸಿಗೆಯ ಹಸಿರು ಹುಡುಕಿ ಐನಾಪುರಕ್ಕೆ

ಕೊಗನೊಳ್ಳಿಯಿಂದ ನಿಪ್ಪಾಣಿಗೆ ಬಂದು ಚಿಕ್ಕೋಡಿ ಬಸ್ಸು ಹತ್ತಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ಶಿವರಾತ್ರಿ ಮುಗಿದು ಚಳಿ ಶಿವಶಿವಾ ಎಂದು ಹೋಗಿತ್ತು. ಹೆಂಗಸರಿಗೆ ಟಿಕೆಟು ಪುಕ್ಕಟೆ, ಆದರೆ ಸೀಟು ಪುಕ್ಕಟೆ ಸಿಗುವುದಿಲ್ಲ. ಚಿಕ್ಕೋಡಿಯವರೆಗೆ ನಿಂತೇ ಹೋದೆ. ಮೈದುನ ರಾಜುವಿನ ಜೊತೆ ಜಗಳವಾಡಿ ಹೊರಟಿದ್ದರಿಂದ ಕೂತರೂ ಸಮಾಧಾನವಿರುತ್ತಿರಲಿಲ್ಲ.

ಜಗಳ ಮನೆ ಪಕ್ಕದ ಹತ್ತು ಗುಂಟೆಯದು. ಸುತ್ತಲೂ ಅವನ ಕಬ್ಬು. ಆ ತುಂಡಿನಲ್ಲಿ ಮಾತ್ರ ನನ್ನ ಪರ್ಮಾಕಲ್ಚರ್ ತೋಟ. ಮರ, ಬಳ್ಳಿ, ಸೊಪ್ಪು ಕೂಡಿಸಿ ಬೆಳೆದು, ಯಾವ ಋತುವಿನಲ್ಲೂ ನೆಲ ಬರಿದಾಗದಂತೆ ನೋಡಿಕೊಳ್ಳುವ ಪದ್ಧತಿ ಅದು. ಮಳೆಗಾಲಕ್ಕೆ, ಚಳಿಗಾಲಕ್ಕೆ ಏನು ನೆಡಬೇಕೆಂದು ನನಗೆ ಗೊತ್ತು. ಬೇಸಿಗೆಯಲ್ಲಿ ಮಾತ್ರ ಎಷ್ಟು ನೀರು ಹಾಯಿಸಿದರೂ ತೋಟ ಬೋಳು.

"ಈ ಬ್ಯಾಸಿಗ್ಯಾಗೂ ಹಿಂಗಾದ್ರ ಅಲ್ಲಿ ಕಬ್ಬ ಹಚ್ಚತೇನ್ರಿ ವೈನಿ," ಎಂದಿದ್ದ ರಾಜು. ಮನೆಯವರೆಲ್ಲ ಅವನ ಮಾತಿಗೇ ತಲೆಯಾಡಿಸಿದ್ದರು. ಐನಾಪುರದ ಶಮಶಾದಬಿಯವರ ತೋಟ ಮೇ ತಿಂಗಳಲ್ಲೂ ಹಸಿರಾಗಿರುತ್ತದೆಂದು ಬೀಜದ ಅಂಗಡಿಯವರು ಹೇಳಿದ್ದರು. ಉಳಿದ ಆಸೆ ಅದೊಂದೇ.

ರಾಯಬಾಗದಲ್ಲಿ ಬಸ್ಸು ಬದಲಿಸುವಾಗ ಚುರಮರಿ, ಮಿರ್ಚಿ ಭಜಿ ತಿಂದೆ. ಕುಡಚಿ ಬಿಟ್ಟು ಕೃಷ್ಣೆ ದಾಟಿ ಐನಾಪುರ ಮುಟ್ಟುವಾಗ ಸುಡು ಮಧ್ಯಾಹ್ನ. ದ್ರಾಕ್ಷಿ ತೋಟಗಳ ನಡುವೆ ಶಮಶಾದಬಿಯವರ ಮನೆ. ದೊಡ್ಡ ದನಿಯ, ದೊಡ್ಡ ನಗುವಿನ ಹೆಂಗಸು.

"ಚಪ್ಪಲ್ ಬಿಟ್ಟ ಬರ್ರಿ," ಎಂದರು ತೋಟದ ಬಾಗಿಲಲ್ಲಿ.

ಅಂಗಾಲು ಸುಟ್ಟೀತೆಂದು ಹೆದರುತ್ತ ಕಾಲಿಟ್ಟೆ. ತಂಪು! ನೆಲದ ತುಂಬ ಗೇಣು ದಪ್ಪ ರವದಿ, ಅಂದರೆ ಕಬ್ಬು ಕಡಿದ ಮೇಲೆ ಉಳಿಯುವ ಒಣ ಗರಿ. ಅವರು ಅದನ್ನು ಸರಿಸಿ ತೋರಿಸಿದರು. ಕೆಳಗೆ ಹಸಿ ಮಣ್ಣು, ಎರೆಹುಳು.

"ಬರೇ ನೀರ ಹಾಯ್ಸಿದ್ರ ಏನಾಗತೈತ್ರಿ? ಬಿಸಲ ಕುಡದ ಬಿಡತೈತಿ. ಮದಲ ನೆಲಕ್ಕ ಸೆರಗ ಹೊಚ್ಚರಿ."

ನಡೆಯುತ್ತಲೇ ನನ್ನ ಬೇಸಿಗೆಯನ್ನು ಜೋಡಿಸಿಕೊಟ್ಟರು. ಇಳಿಬಿಸಿಲಿಗೆ ಅಡ್ಡವಾಗಿ ಪಡುವಣ ಬದುವಿಗೆ ಔಡಲ ಗಿಡ, ನುಗ್ಗೆಯ ನೆರಳಿಗೆ ರಾಜಗಿರಿ ಸೊಪ್ಪು, ಬಯಲಿಗೆ ಚವಳಿಕಾಯಿ, ಯುಗಾದಿಗೆ ಮುಂಚೆ ಸವತಿಕಾಯಿ.

ಆಗ ನೆನಪಾಯಿತು. ನಮ್ಮ ಕಬ್ಬು ಕಡಿದು ಮುಗಿದಿತ್ತು. ಅಂದೇ ಸಂಜೆ ರಾಜು ಎಂದಿನಂತೆ ರವದಿ ಸುಡುವವನಿದ್ದ. ಅಲ್ಲೇ ನಿಂತು ಫೋನ್ ಮಾಡಿದೆ.

"ರಾಜು, ರವದಿಗೆ ಬೆಂಕಿ ಇಡಬ್ಯಾಡ!"

"ಆ ಕಸಾ ತಗೊಂಡ ಏನ್ ಮಾಡ್ತೀರಿ ವೈನಿ?"

"ಕಬ್ಬ ನಿಂದು, ಕಸಾ ನಂದು. ಕಡ್ಡಿ ಪೆಟಗಿ ಒಳಗಿಡು."

ಅವನು ನಕ್ಕು ಫೋನ್ ಇಟ್ಟ, ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ. ಶಮಶಾದಬಿ ರೊಟ್ಟಿ ಊಟ ಹಾಕಿ, ಸವತಿ ಬೀಜ ಕಟ್ಟಿಕೊಟ್ಟು ಕಳಿಸಿದರು. ವಾಪಸು ದಾರಿಯುದ್ದಕ್ಕೂ ಕಿಟಕಿಯಾಚೆ ಹೊಲಹೊಲದಲ್ಲಿ ಹೊಗೆ. ಪ್ರತಿ ಹೊಗೆಗೂ ನನ್ನ ಜೀವ ಹಾರುತ್ತಿತ್ತು. ಮನೆ ಮುಟ್ಟಿದೆ. ನಮ್ಮ ಹೊಲದಲ್ಲಿ ಹೊಗೆಯಿರಲಿಲ್ಲ. ಟ್ರ್ಯಾಲಿ ತುಂಬ ರವದಿ ತಂದು ತೋಟದ ಬದುವಿಗೆ ಸುರಿದು, ಬೆವರೊರೆಸಿಕೊಳ್ಳುತ್ತ ನಿಂತಿದ್ದ ರಾಜು.

ಇದನ್ನು ಬರೆಯುವಾಗ ಮೇ ತಿಂಗಳು. ಗೆದ್ದಿದ್ದೇನೆ, ಮುಚ್ಚುಮರೆ ಏಕೆ? ಮೊನ್ನೆ ರಾಜು ತನ್ನ ಅತ್ತೆಯ ಮನೆಗೆ ಒಯ್ಯಲು ಚೀಲದ ತುಂಬ ಸವತಿಕಾಯಿ ಹರಿದುಕೊಂಡು, "ಈ ತುಂಡಿನ್ಯಾಗ ಇನ್ನ ಕಬ್ಬಿನ ಮಾತ ತಗಿಯೂದಿಲ್ರಿ ವೈನಿ. ಆಚಿ ಹೊಲದಾಗೂ ಕಬ್ಬ ಕಡಿಮಿ ಮಾಡೂನೇನು?" ಎಂದ.

"ಹುಚ್ಚ ಹಿಡದೈತೇನು ನಿನಗ? ಅಲ್ಲಿ ಮಸ್ತ ಹಚ್ಚು. ಬರೂ ವರ್ಷ ನನಗ ರವದಿ ಎಲ್ಲಿಂದ ಬರಬೇಕು?"