ನೆಗೆಟಿವ್ ಐತಿ, ನಡಿ ಮನಿಗೆ

"ಅಣ್ಣಾ, ನೀನು ಓದಿದಾವ, ಏನೈತಿ ನೋಡು" ಎಂದು ಆದೋನಿಯ ಆಸ್ಪತ್ರೆಯಲ್ಲಿ ತಂಗಿ ತನ್ನ ಹಸುಗೂಸಿನ ರಕ್ತದ ರಿಪೋರ್ಟನ್ನು ನನ್ನ ಕೈಗಿತ್ತಳು. ಕೂಸು ಬೆಳಗಿನಿಂದ ಮೊಲೆ ಹಿಡಿದಿರಲಿಲ್ಲ. ಅದರಲ್ಲಿ 'ಸಿಆರ್‌ಪಿ ನೆಗೆಟಿವ್' ಎಂದು ಬರೆದಿತ್ತು; ಸಿಆರ್‌ಪಿ ಎಂದರೇನೆಂದು ಬಿ.ಕಾಂ. ಮಾಡಿದ ನನಗೆ ಗೊತ್ತಿರಲಿಲ್ಲ. ಹತ್ತಿ ಬಿಡಿಸಲು ಹೋಗುತ್ತಲೇ ಓದಿ, ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಮನೆಗೆ ಯಾವ ಕಾಗದ ಬಂದರೂ ನಾನೇ ಓದಿ ಹೇಳಬೇಕು. ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು.

"ನೆಗೆಟಿವ್ ಐತಿ, ಏನಿಲ್ಲ. ನಡಿ ಮನಿಗೆ" ಎಂದೆ. ಆಕೆ ನಂಬಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು.

ಬಾಗಿಲಲ್ಲೇ ಡಾಕ್ಟರಮ್ಮ ತಡೆದರು. ಸಿಆರ್‌ಪಿ ಮೈಯಲ್ಲಿನ ಸೋಂಕನ್ನು ಸೂಚಿಸುವ ಪರೀಕ್ಷೆ, ರಕ್ತಕ್ಕೆ ನಂಜು ಏರಿದ ಆರಂಭದಲ್ಲಿ ಅದು ಏನೂ ತೋರಿಸದಿರಬಹುದು, ನಾಳೆ ಮತ್ತೆ ಮಾಡಬೇಕು, ಹಾಲು ಕುಡಿಯದ ಕೂಸಿಗೆ ಔಷಧ ಈಗಲೇ ಶುರುವಾಗಬೇಕು ಎಂದರು. "ಮನೆಗೆ ಹೋಗು ಅಂತ ಯಾರಮ್ಮಾ ಹೇಳಿದ್ದು?" ಎಂದು ಗದರಿದರು.

"ಯಾರೂ ಹೇಳಿಲ್ರಿ, ನಾನಽ ಹೊಂಟಿದ್ದೆ" ಎಂದಳು ತಂಗಿ. ಪಕ್ಕದಲ್ಲಿದ್ದ ನಾನು ರಿಪೋರ್ಟನ್ನು ಮಡಿಚಿ ಜೇಬಿಗಿಟ್ಟುಕೊಂಡೆ.

ಕೂಸಿಗೆ ಆಗಲೇ ಔಷಧ ಶುರುವಾಯಿತು; ಮರುದಿನದ ಪರೀಕ್ಷೆಯಲ್ಲಿ ಸಿಆರ್‌ಪಿ ಏರಿತ್ತು. ಕೂಸು ಈಗ ಗುಣವಾಗಿ ಎಮ್ಮಿಗನೂರಿನ ಮನೆಯಲ್ಲಿ ಆಡಿಕೊಂಡಿದೆ. ನನ್ನ ಮಾನ ಉಳಿಸಲು ಆಕೆ ಬೈಸಿಕೊಂಡಳು; "ಹೇಳಿದ್ದು ನಾನು" ಎಂಬ ಎರಡು ಮಾತು ಆ ದಿನ ನನ್ನ ಬಾಯಿಂದ ಹೊರಡಲಿಲ್ಲ.