ಭೂತ ಬಂಗಲೆಯಲ್ಲಿ ಉಳಿದ ಮಾನ

ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕದ ಭೂತ ಬಂಗಲೆಗೆ ಟಿಕೆಟ್ ಕೊಂಡು ನಾವು ಹೋದದ್ದು ಸುಡು ಮಧ್ಯಾಹ್ನ. ಹಿಂದೊಮ್ಮೆ ಅಲ್ಲಿಂದ ಕಿರುಚುತ್ತ ಓಡಿಬಂದಿದ್ದ ನಾಗಮಂಗಲದ ನನ್ನ ಭಾಮೈದ, "ಕೂಗ್ದೆ ಈಚ್ಗೆ ಬಂದ್ಬುಟ್ರೆ ನೀವೇ ಗಂಡ್ಸು ಕಣ್ ಭಾವ" ಎಂದು ಸವಾಲು ಹಾಕಿ ಹೊರಬಾಗಿಲಲ್ಲೇ ಕಾದು ನಿಂತ. ಮನೆತನದ ಮಾನವನ್ನು ಹೆಗಲ ಮೇಲೆ ಹೊತ್ತು ನಾನು, ನನ್ನ ಹಿಂದೆ ಹೆಂಡತಿ, ಒಳಗೆ ನಡೆದೆವು.

ಕಗ್ಗತ್ತಲ ಓಣಿಯಲ್ಲಿ ಯಾವುದೋ ದೇಹ ಗುರುಗುಟ್ಟುತ್ತ ನಮ್ಮ ಮೇಲೆ ವಾಲಿತು. ನನ್ನ ಕೂಗು ಗಂಟಲಿನವರೆಗೆ ಬಂದಿತ್ತು. ಅಷ್ಟರಲ್ಲಿ, ದಿನಾ ನಸುಕಿನಲ್ಲಿ ದೀಪವಿಲ್ಲದ ಕೊಟ್ಟಿಗೆಗೆ ನುಗ್ಗಿ ಎಮ್ಮೆಗಳನ್ನು ಸರಿಸಿ ಹಾಲು ಕರೆಯುವ ನನ್ನ ಹೆಂಡತಿ, ಅಭ್ಯಾಸಬಲದಿಂದ ಅದರ ಬೆನ್ನಿಗೆ ಛಟೀರನೆ ಬಾರಿಸಿ, "ಓಯ್, ಅತ್ಲಾಗ್ ಸರ್ಕೋ!" ಎಂದಳು.

"ಅಯ್ಯೋ ಅವ್ವಾ!" ಎಂದು ಭೂತ ಕಿರುಚಿತು.

ಹೊರಗೆ ಭಾಮೈದ ಹಲ್ಲು ಕಿರಿಯುತ್ತಿದ್ದ. "ಕೇಳುಸ್ತು ಬುಡಿ ಭಾವ, ಚೆನ್ನಾಗೇ ಕೂಗುದ್ರಿ."

ನಾನು ಬಾಯಿ ತೆರೆಯುವ ಮೊದಲೇ, ಮುಖವಾಡ ಕಳಚಿ ಬೆನ್ನು ಉಜ್ಜಿಕೊಳ್ಳುತ್ತ ಭೂತವೇ ಹೊರಗೆ ಬಂತು. "ಅವ್ರಲ್ಲ ಕಣಣ್ಣೋ, ಕೂಗಿದ್ದು ನಾನು. ಏನ್ ಕೈ ಈ ಅಕ್ಕೋರ್ದು!"

"ಎಮ್ಮೆ ಅಂದ್ಕಂಡೆ ಕಣಪ್ಪ" ಎಂದಳು ಹೆಂಡತಿ.

ಸಾಕ್ಷಾತ್ ಭೂತವೇ ಸಾಕ್ಷಿ ನುಡಿದ ಮೇಲೆ ವಾದಕ್ಕೆ ಜಾಗವೆಲ್ಲಿ? ನಾನು ಮೀಸೆ ತಿರುವಿ, ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು, ಭಾಮೈದನ ಎದುರೇ ದಂಡು ಗೆದ್ದವನಂತೆ ನಡೆದೆ.